ಹಾರಿಸೋದು ಸುಲಭ, ಇಳಿಸೋದೇ ಪಾಠ

ವಾರಗಟ್ಟಲೆ ರಾತ್ರಿ ಕೂತು ಫೋಮ್ ಕತ್ತರಿಸಿ, ಸರ್ವೋ ಅಂಟಿಸಿ ಮಾಡಿದ ಆರ್‌ಸಿ ವಿಮಾನ ಇಳಿಯುವಾಗ ಒಂದೇ ಕ್ಷಣದಲ್ಲಿ ಪುಡಿಯಾಗಬಹುದು. ಮುಖ್ಯ ಕಾರಣ ನಮ್ಮ ಗಾಬರಿ. ನೆಲ ಹತ್ತಿರ ಬಂತು ಅಂತ ಎಲಿವೇಟರ್ ಸ್ಟಿಕ್ ಎಳೆದುಬಿಡ್ತೀವಿ.

ಎಳೆದರೆ ಮೂಗು ಮೇಲೇಳುತ್ತೆ, ವೇಗ ಕಡಿಮೆಯಾಗುತ್ತೆ. ರೆಕ್ಕೆಗೂ ಎದುರು ಗಾಳಿಗೂ ನಡುವಿನ ಕೋನ ಮಿತಿ ಮೀರಿದರೆ ಗಾಳಿಯ ಹರಿವು ರೆಕ್ಕೆಯ ಮೇಲ್ಮೈ ಬಿಟ್ಟುಬಿಡುತ್ತೆ, ಲಿಫ್ಟ್ ಕುಸಿಯುತ್ತೆ. ಇದೇ ಸ್ಟಾಲ್. ಹತ್ತಡಿ ಎತ್ತರದಲ್ಲಿ ಸುಧಾರಿಸಿಕೊಳ್ಳೋಕೆ ಜಾಗವೇ ಇರಲ್ಲ.

ಅದಕ್ಕೇ ಈ ಸೂತ್ರ: ಎತ್ತರಕ್ಕೆ ಥ್ರಾಟಲ್, ವೇಗಕ್ಕೆ ಎಲಿವೇಟರ್. ಬೇಗ ಕೆಳಗಿಳೀತಿದ್ರೆ ಸ್ವಲ್ಪ ಥ್ರಾಟಲ್ ಕೊಡಿ, ಮೂಗು ಎತ್ತಬೇಡಿ.

ಇನ್ನು ಕ್ರಮ:

1. ಗಾಳಿಗೆ ಎದುರಾಗಿಯೇ ಇಳಿಸಿ. ಸೆಕೆಂಡಿಗೆ 10 ಮೀಟರ್ ಹಾರುವ ವಿಮಾನ, 3 ಮೀಟರ್ ವೇಗದ ಗಾಳಿಗೆ ಎದುರಾದರೆ 7ರ ವೇಗದಲ್ಲಿ ನೆಲ ಮುಟ್ಟುತ್ತೆ. ಗಾಳಿ ಹಿಂದಿನಿಂದ ಬಂದರೆ 13ರಲ್ಲಿ. ಚಲನಶಕ್ತಿಯ ಲೆಕ್ಕ ಹಾಕಿ: ಸುಮಾರು ಮೂರೂವರೆ ಪಟ್ಟು!

2. ವಿಮಾನ ನಿಮ್ಮ ಕಡೆ ಬರುವಾಗ ಎಡ-ಬಲ ಅದಲುಬದಲು ಅನ್ಸುತ್ತೆ. ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ರೆಕ್ಕೆ ಸಮವಾಗುತ್ತೆ.

3. ನೆಲಕ್ಕೆ ಒಂದೆರಡು ಅಡಿ ಇರುವಾಗ ಥ್ರಾಟಲ್ ಪೂರ್ತಿ ಇಳಿಸಿ, ಎಲಿವೇಟರ್ ಮೆಲ್ಲಗೆ ಎಳೆಯಿರಿ. ಎಳೆಯಬೇಕಾದ್ದು ಈಗ.

4. ಸರಿ ಬರ್ತಿಲ್ವಾ? ರೆಕ್ಕೆ ಸಮ ಮಾಡಿ, ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹೋಗಿ. ಅದಕ್ಕೆ ಬ್ಯಾಟರಿ ಉಳಿದಿರುವಾಗಲೇ ಇಳಿಸಲು ಶುರು ಮಾಡಿ.

ಮೊದಲು ನೂರಡಿ ಮೇಲೆ ನೆಲ ಇದೆ ಅಂದುಕೊಂಡು ಅಲ್ಲೇ ಇಳಿಸುವ ಅಭ್ಯಾಸ ಮಾಡಿ. ಅಲ್ಲಿ ತಪ್ಪಿದರೆ ಫೋಮ್ ಮುರಿಯಲ್ಲ.