ಗಗನಚುಂಬಿ ನಗರ ಮತ್ತು ನಮ್ಮ ಉಸಿರು

ಅನ್ನವಿಲ್ಲದೆ ಮನುಷ್ಯನು ಕೆಲವು ವಾರಗಳನ್ನೂ ನೀರಿಲ್ಲದೆ ಕೆಲವು ದಿನಗಳನ್ನೂ ಕಳೆಯಬಲ್ಲನು. ಗಾಳಿಯಿಲ್ಲದೆ ಕೆಲವು ನಿಮಿಷಗಳೂ ಕಷ್ಟ. ಆದರೂ ಮುಂಬಯಿಯಲ್ಲಿ ಮನೆ ಕೊಳ್ಳುವಾಗ ನಾವು ಚದರಡಿಯ ಬೆಲೆಯನ್ನು ವಿಚಾರಿಸುತ್ತೇವೆಯೇ ಹೊರತು ಗಾಳಿಯ ಮಾತೆತ್ತುವುದಿಲ್ಲ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಗೃಹಸಾಲದ ಕಾಗದಪತ್ರಗಳನ್ನು ಪರಿಶೀಲಿಸುವವನು. ನೆಲದ ಲೆಕ್ಕಕ್ಕೂ ಉಸಿರಿನ ಲೆಕ್ಕಕ್ಕೂ ಇರುವ ಸಂಬಂಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನೆಲದ ಹಂಚಿಕೆ

ಲಾಲ್‌ಬಾಗ್, ಪರೇಲ್, ವರಳಿ ಪ್ರದೇಶಗಳ ಅನೇಕ ಬಟ್ಟೆ ಗಿರಣಿಗಳು 1982ರ ಮುಷ್ಕರದ ತರುವಾಯ ಮುಚ್ಚಿದವು. ಮುಂಬಯಿಯ ಗಿರಣಿಗಳ ಭೂಮಿ ಸುಮಾರು 600 ಎಕರೆ. 1991ರ ನಿಯಮಾವಳಿಯಂತೆ ಸ್ಥೂಲವಾಗಿ ಮೂರನೆಯ ಒಂದು ಪಾಲು ಬಯಲಾಗಿ ನಗರಕ್ಕೆ, ಇನ್ನೊಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಒಡೆಯರಿಗೆ ಸಲ್ಲಬೇಕಿತ್ತು. 2001ರ ತಿದ್ದುಪಡಿಯು ಕಟ್ಟಡಗಳಿಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಹಂಚಿಕೆಯನ್ನು ಸೀಮಿತಗೊಳಿಸಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಹೀಗೆ ಬಯಲಿನ ಪಾಲು ಬಹಳ ಕುಗ್ಗಿ, ಗೋಪುರಗಳು ಎದ್ದವು.

ಗಾಳಿಯ ನಡೆ

ಹಗಲಿನಲ್ಲಿ ಪಶ್ಚಿಮದ ಕಡಲಗಾಳಿಯು ನಗರದ ಹೊಗೆಧೂಳನ್ನು ಚದುರಿಸುತ್ತದೆ. ಕಟ್ಟಡಗಳು ಸಾಲಾಗಿ ಗೋಡೆಯಂತೆ ನಿಂತರೆ ಆ ಗಾಳಿಗೆ ತಡೆಯುಂಟಾಗುತ್ತದೆ. ಇಕ್ಕಟ್ಟಾದ ರಸ್ತೆಯ ಎರಡು ಬದಿಗಳಲ್ಲಿಯೂ ಎತ್ತರದ ಕಟ್ಟಡಗಳಿದ್ದಲ್ಲಿ ಗಾಳಿಯು ಮೇಲೆಯೇ ಹಾದುಹೋಗಿ, ವಾಹನಗಳ ಹೊಗೆ ಕೆಳಗೇ ಸುತ್ತುತ್ತದೆ. ಚಳಿಗಾಲದ ರಾತ್ರಿ ಗಾಳಿ ಮಂದವಾದಾಗ ನೆಲದ ಬಳಿಯ ತಂಪು ಗಾಳಿ ಮೇಲೇರದೆ, ಮುಚ್ಚಳ ಹಾಕಿದಂತೆ ಕಲ್ಮಷವು ತಂಗುತ್ತದೆ. ದೋಷವು ಕೇವಲ ಎತ್ತರದ್ದಲ್ಲ, ನಡುವೆ ಅಂತರವಿಲ್ಲದಿರುವುದರದು. 2003ರ ಸಾರ್ಸ್ ರೋಗದಿಂದ ಪಾಠ ಕಲಿತ ಹಾಂಗ್‌ಕಾಂಗ್, 2006ರಿಂದ ಪ್ರಮುಖ ಸರಕಾರಿ ಯೋಜನೆಗಳಲ್ಲಿ ಗಾಳಿಯ ಸಂಚಾರವನ್ನು ಮೊದಲೇ ಅಳೆಯುವ ಕ್ರಮವನ್ನು ತಂದಿತು.

ದೇಹಕ್ಕಾಗುವ ಹಾನಿ

2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಕೂದಲೆಳೆಯ ದಪ್ಪದ ಮೂವತ್ತನೆಯ ಒಂದಂಶದಷ್ಟು. ಅವು ಮೂಗಿನಲ್ಲಿ ತಡೆಯಲ್ಪಡದೆ ಶ್ವಾಸಕೋಶದ ಆಳಕ್ಕಿಳಿದು, ಉಬ್ಬಸವನ್ನೂ ಹೃದ್ರೋಗವನ್ನೂ ಉಲ್ಬಣಗೊಳಿಸುತ್ತವೆ. ಇವುಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ ಮೀರಬಾರದೆಂದು ಭಾರತವು 2009ರಲ್ಲಿ ವಿಧಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಸೂಚನೆಯಾದರೋ ಕೇವಲ 5.

ನಾವು ಮಾಡಬೇಕಾದುದು

ವಾಹನಸಂಚಾರ ಹೆಚ್ಚಿರುವಾಗ ರಸ್ತೆಯ ಬದಿಯ ಕಿಟಕಿಗಳನ್ನು ಮುಚ್ಚಿ, ಕಡಲಗಾಳಿ ಬೀಸುವ ಮಧ್ಯಾಹ್ನ ತೆರೆಯುವುದು ಲೇಸು. ಚಳಿಗಾಲದಲ್ಲಿ ಮಬ್ಬು ಕವಿದಿರುವ ಮುಂಜಾನೆ ವೃದ್ಧರೂ ಉಬ್ಬಸದವರೂ ವಾಯುಸೇವನೆಗೆ ಹೊರಡದೆ, ಮಬ್ಬು ಕರಗಿದ ಬಳಿಕ ಹೊರಡತಕ್ಕದ್ದು.

ಆದರೆ ಮುಖ್ಯವಾದುದು ಬೇರೆಯೇ ಇದೆ. ನಮ್ಮ ಸೊಸೈಟಿಯ ಪುನರ್ನಿರ್ಮಾಣದ ಸಭೆಯಲ್ಲಿ ಮೂರು ಗಂಟೆಗಳ ಕಾಲ ಕಾರ್ಪೆಟ್ ಏರಿಯಾ ಮತ್ತು ಪಾರ್ಕಿಂಗಿನ ಚರ್ಚೆಯಾಯಿತು. ಕೊನೆಗೆ ಉಬ್ಬಸದಿಂದ ಬಳಲುವ ಹಿರಿಯರೊಬ್ಬರು, “ಹೊಸ ಕಟ್ಟಡಕ್ಕೆ ಗಾಳಿ ಯಾವ ಕಡೆಯಿಂದ ಬರುತ್ತದೆ?” ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದು ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಎಂಬುದು ಅನಂತರ ಮನವರಿಕೆಯಾಯಿತು. ಓದುಗರು ತಮ್ಮ ಸೊಸೈಟಿಯ ನಕ್ಷೆಗೆ ಸಹಿ ಮಾಡುವ ಮೊದಲು ಕಟ್ಟಡಗಳ ನಡುವಣ ಅಂತರವನ್ನೂ, ಮರ ಬೆಳೆಯಬಲ್ಲ ಮಣ್ಣಿನ ನೆಲವನ್ನೂ ವಿಚಾರಿಸಲಿ. ಮನೆಯ ಸಾಲ ಇಪ್ಪತ್ತು ವರ್ಷಗಳಲ್ಲಿ ತೀರುತ್ತದೆ. ಮುಚ್ಚಿಹೋದ ಗಾಳಿಯ ದಾರಿಯನ್ನು ಮಕ್ಕಳು ಯಾವ ಕಂತಿನಿಂದಲೂ ಬಿಡಿಸಿಕೊಳ್ಳಲಾರರು.