ಜೇನು, ಬೆಲ್ಲ, ಸಕ್ಕರೆ: ಲೋಟದೊಳಗಿನ ಲೆಕ್ಕ



ಉಳಿತಾಯದ ಲೆಕ್ಕ, ಸಾಲದ ಲೆಕ್ಕ, ಬಡ್ಡಿಯ ಲೆಕ್ಕ ಇವೆಲ್ಲ ನಮ್ಮ ಸ್ವಸಹಾಯ ಸಂಘದ ಸದಸ್ಯೆಯರಿಗೆ ಈಗ ಬಾಯಿಪಾಠವಾಗಿದೆ. ಐದು ರೂಪಾಯಿ ಹೆಚ್ಚುಕಮ್ಮಿಯಾದರೂ ಪುಸ್ತಕ ತೆರೆದು ಕೇಳುವ ಧೈರ್ಯ ಬಂದಿದೆ. ಆದರೆ ದಿನಾ ನಾವು ಕುಡಿಯುವ ಲೋಟದೊಳಗೆ ಏನು ಹೋಗುತ್ತದೆ, ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿ? ಈ ಸಲದ ಪಾಠ ಆ ಲೆಕ್ಕದ ಬಗ್ಗೆ.

ಒಂದು ಸಂಘದ ಸಭೆಯಲ್ಲಿ ನಡೆದದ್ದು

ಆರೋಗ್ಯ ಮಾಹಿತಿ ನೀಡಲು ನಾವು ಒಂದು ಸಂಘಕ್ಕೆ ಹೋಗಿದ್ದೆವು. ಹಿರಿಯ ಸದಸ್ಯೆಯೊಬ್ಬರು ಬಹಳ ಸಂತೋಷದಿಂದ ಹೇಳಿದರು: "ನನಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ಸಕ್ಕರೆ ಮುಟ್ಟೇ ಇಲ್ಲ ಮೇಡಂ. ಆರು ತಿಂಗಳಾಯ್ತು. ಈಗ ಕಷಾಯಕ್ಕೆ ಬರೀ ಜೇನುತುಪ್ಪ." ದಿನಕ್ಕೆ ನಾಲ್ಕು ಲೋಟ ಕಷಾಯ, ಲೋಟಕ್ಕೆ ಎರಡು ಚಮಚ ಜೇನು. ಸಕ್ಕರೆ ಬಿಟ್ಟಾಯಿತಲ್ಲ ಎಂಬ ಧೈರ್ಯದಲ್ಲಿ ಮಾತ್ರೆಯನ್ನೂ ದಿನ ಬಿಟ್ಟು ದಿನ ನುಂಗುತ್ತಿದ್ದರು. ಕಾಲಿನ ಹೆಬ್ಬೆರಳಿಗೆ ಆದ ಸಣ್ಣ ಗಾಯ ಮಾತ್ರ ಒಂದು ತಿಂಗಳಾದರೂ ಒಣಗಿರಲಿಲ್ಲ.

ಮರುದಿನವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆ ಮಾಡಿದಾಗ ಸಕ್ಕರೆ ಅಂಶ ಇಳಿದೇ ಇರಲಿಲ್ಲ. "ಹಾಗಾದರೆ ಆರು ತಿಂಗಳು ನಾನು ಬಾಯಿ ಕಟ್ಟಿದ್ದು ಸುಮ್ಮನೆಯಾ?" ಎಂದು ಅವರು ಕೇಳಿದಾಗ ನಮಗೆ ಉತ್ತರ ಹೇಳಲು ಕಷ್ಟವಾಯಿತು. ಯಾಕೆಂದರೆ "ಸಕ್ಕರೆ ಬಿಡಿ, ಜೇನು ಬಳಸಿ" ಎಂದು ಹಿಂದೆ ಕೆಲವು ಸಭೆಗಳಲ್ಲಿ ನಾವೇ ಹೇಳಿದ್ದುಂಟು. ಕೇಳಿದ್ದನ್ನು ಹೇಳಿದ್ದೆವು, ಅಳೆದು ನೋಡಿರಲಿಲ್ಲ. ಆ ತಪ್ಪನ್ನು ತಿದ್ದಿಕೊಳ್ಳಲೆಂದೇ ಈ ಪಾಠವನ್ನು ಬರೆಯುತ್ತಿದ್ದೇವೆ.

ಕ್ಯಾಲೊರಿ ಎಂದರೇನು?

ಅಳೆಯಲು ಒಂದು ಮಾನ ಬೇಕು. ಬಟ್ಟೆಗೆ ಮೀಟರು, ಹಾಲಿಗೆ ಲೀಟರು ಇದ್ದ ಹಾಗೆ ಆಹಾರದಿಂದ ಸಿಗುವ ಶಕ್ತಿಗೆ ಕ್ಯಾಲೊರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಕ್ತಿಯೇ ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲೊರಿ. ಪೊಟ್ಟಣಗಳ ಮೇಲೆ ಇದನ್ನೇ ಕಿಲೋಕ್ಯಾಲೊರಿ ಎಂದು ಬರೆದಿರುತ್ತಾರೆ. ಗಾಬರಿ ಬೇಡ, ಎರಡೂ ಒಂದೇ.

ಕ್ಯಾಲೊರಿ ನಮ್ಮ ಶತ್ರು ಅಲ್ಲ. ಗದ್ದೆ ಕೆಲಸ, ನೀರು ಹೊರುವುದು, ಉಸಿರಾಡುವುದು, ಮಗುವಿಗೆ ಹಾಲೂಡಿಸುವುದು, ಎಲ್ಲಕ್ಕೂ ಅದು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೊರತಂದ ಲೆಕ್ಕದಂತೆ 55 ಕಿಲೋ ತೂಕದ, ಸಾಧಾರಣ ದುಡಿಮೆಯ ಹೆಂಗಸಿಗೆ ದಿನಕ್ಕೆ 2130 ಕ್ಯಾಲೊರಿ ಬೇಕು. ಕೂತು ಕೆಲಸ ಮಾಡುವವರಿಗೆ 1660 ಸಾಕು. ಮೈಮುರಿದು ದುಡಿಯುವವರಿಗೆ 2720 ಬೇಕಾಗುತ್ತದೆ. ಹಾಗಾಗಿ ಪ್ರಶ್ನೆ ಇರುವುದು ಕ್ಯಾಲೊರಿ ಬೇಕೋ ಬೇಡವೋ ಎಂದಲ್ಲ. ಅದು ಯಾವುದರಿಂದ ಬರುತ್ತದೆ, ಜೊತೆಗೆ ಇನ್ನೇನು ತರುತ್ತದೆ ಎಂಬುದು.

ಚಮಚದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಸಿಹಿ ವಸ್ತುಗಳ ಲೆಕ್ಕ ಸುಮಾರಾಗಿ ಹೀಗಿದೆ:

1. ಸಕ್ಕರೆ: 100 ಗ್ರಾಂಗೆ 390ರಿಂದ 400 ಕ್ಯಾಲೊರಿ. ಒಂದು ಟೀ ಚಮಚ 5 ಗ್ರಾಂ ಎಂದಿಟ್ಟುಕೊಂಡರೆ 20 ಕ್ಯಾಲೊರಿ.

2. ಜೇನುತುಪ್ಪ: 100 ಗ್ರಾಂಗೆ 300ರಿಂದ 320 ಕ್ಯಾಲೊರಿ. ಒಂದು ಟೀ ಚಮಚ 7 ಗ್ರಾಂ, 21 ಕ್ಯಾಲೊರಿ.

3. ಬೆಲ್ಲ: 100 ಗ್ರಾಂಗೆ 350ರಿಂದ 380 ಕ್ಯಾಲೊರಿ. 10 ಗ್ರಾಂ ತೂಗುವ ಒಂದು ಸಣ್ಣ ತುಂಡಿಗೆ 35ರಿಂದ 38.

4. ಡಬ್ಬಿಯಲ್ಲಿ ಬರುವ ಸಿಹಿ ಗಟ್ಟಿ ಹಾಲು: 100 ಗ್ರಾಂಗೆ ಸುಮಾರು 320 ಕ್ಯಾಲೊರಿ. ಒಂದು ಊಟದ ಚಮಚಕ್ಕೆ 60ಕ್ಕೂ ಹೆಚ್ಚು.

ಗಮನಿಸಿದಿರಾ? ತೂಕದಲ್ಲಿ ನೋಡಿದರೆ ಜೇನಿಗೆ ಕ್ಯಾಲೊರಿ ಕಡಿಮೆ, ಯಾಕೆಂದರೆ ಅದರಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ನೀರು. ಆದರೆ ಅಡುಗೆಮನೆಯಲ್ಲಿ ನಾವು ತೂಕ ನೋಡುವುದಿಲ್ಲ, ಚಮಚ ನೋಡುತ್ತೇವೆ. ಜೇನು ಮಂದ, ಭಾರ. ಒಂದೇ ಚಮಚದಲ್ಲಿ ಸಕ್ಕರೆಗಿಂತ ಹೆಚ್ಚು ತೂಕ ಬಂದುಬಿಡುತ್ತದೆ. ಹೀಗಾಗಿ ಚಮಚಕ್ಕೆ ಚಮಚ ಹೋಲಿಸಿದರೆ ಜೇನು ಸಕ್ಕರೆಗೆ ಸಮ, ಒಂದು ಕೂದಲೆಳೆ ಹೆಚ್ಚೇ.

ನಮ್ಮ ಹಿರಿಯ ಸದಸ್ಯೆಯ ಲೋಟಕ್ಕೆ ಇದನ್ನು ಹಾಕಿ ನೋಡೋಣ. ಹಿಂದೆ ದಿನಕ್ಕೆ 8 ಚಮಚ ಸಕ್ಕರೆ: 40 ಗ್ರಾಂ, 160 ಕ್ಯಾಲೊರಿ. ಈಗ 8 ಚಮಚ ಜೇನು: 56 ಗ್ರಾಂ, 168 ಕ್ಯಾಲೊರಿ. ಜೇನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಸಿಹಿಯೇ. ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಬಗೆಯ ಸಕ್ಕರೆಗಳೇ ಅದರಲ್ಲಿ ಹೆಚ್ಚಿರುವುದು. ಅಂದರೆ ಅವರ ಹೊಟ್ಟೆಗೆ ದಿನಾ ಸುಮಾರು 45 ಗ್ರಾಂ ಸಕ್ಕರೆ ಅಂಶ ಹೋಗುತ್ತಿತ್ತು. ಸಕ್ಕರೆ ಬಿಟ್ಟೆ ಅಂದುಕೊಂಡವರು ಮೊದಲಿಗಿಂತ ಹೆಚ್ಚು ಸಕ್ಕರೆ ತಿಂದಿದ್ದರು! ಖರ್ಚು ಬೇರೆ. ಸಕ್ಕರೆಗಿಂತ ಜೇನಿಗೆ ಎಷ್ಟೋ ಪಟ್ಟು ಬೆಲೆ.

"ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲಾ?"

ಸಭೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಇದೆ, ಸುಳ್ಳಲ್ಲ. ಆದರೆ ಹೆಂಗಸರಿಗೆ ದಿನಕ್ಕೆ ಬೇಕಾದ ಕಬ್ಬಿಣ 29 ಮಿಲಿಗ್ರಾಂ. ಕಾಫಿಗೆ ಹಾಕುವ ಬೆಲ್ಲದ ತುಂಡಿನಿಂದ ಅದರಲ್ಲಿ ಸಿಗುವುದು ಬಹಳ ಸಣ್ಣ ಪಾಲು. ಅದಕ್ಕಾಗಿ ಬೆಲ್ಲ ಹೆಚ್ಚು ತಿಂದರೆ ಕಬ್ಬಿಣಕ್ಕಿಂತ ಮೊದಲು ಕ್ಯಾಲೊರಿ ತುಂಬಿಹೋಗುತ್ತದೆ. ಊಟದ ಜೊತೆ ಚಹಾ ಕುಡಿದರೆ ಅದರ ಒಗರು ಅಂಶ ಕಬ್ಬಿಣವನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ರಕ್ತಹೀನತೆ ಇರುವವರು ಬೆಲ್ಲವನ್ನು ನಂಬಿ ಕೂರಬಾರದು. ಸೊಪ್ಪು, ಕಾಳು, ಮೀನು-ಮಾಂಸ ತಿನ್ನುವವರಾದರೆ ಅದು, ಜೊತೆಗೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ, ಇವು ಬೇಕು.

ಬೆಳಗ್ಗೆ ಬಿಸಿನೀರಿಗೆ ಜೇನು, ನಿಂಬೆರಸ ಹಾಕಿ ಕುಡಿದರೆ ಬೊಜ್ಜು ಕರಗುತ್ತದೆ ಎಂಬ ಮಾತೂ ಇದೆ. ಜೇನು ಬೊಜ್ಜನ್ನು ಕರಗಿಸುವುದಿಲ್ಲ. ಎರಡು ಚಮಚ ಜೇನು 42 ಕ್ಯಾಲೊರಿಯನ್ನು ಸೇರಿಸುತ್ತದೆ, ಅಷ್ಟೇ. ಸಕ್ಕರೆ ಹಾಕಿದ ಕಾಫಿ ಬಿಟ್ಟು ಅದನ್ನು ಕುಡಿದವರು ತೂಕ ಇಳಿದಿದ್ದರೆ ಆ ಗುಣ ಬಿಟ್ಟ ಕಾಫಿಯದ್ದು.

ದಿನಕ್ಕೆ ಎಷ್ಟು ಸಿಹಿ?

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಂದು ಮಿತಿ ಹೇಳಿತು. ದಿನದ ಒಟ್ಟು ಕ್ಯಾಲೊರಿಯಲ್ಲಿ ಸೇರಿಸಿದ ಸಿಹಿಯ ಪಾಲು ನೂರಕ್ಕೆ 10ಕ್ಕಿಂತ ಕಡಿಮೆ ಇರಬೇಕು, 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ಲೆಕ್ಕದಲ್ಲಿ ಇದು 50 ಗ್ರಾಂ, ಅಂದರೆ 10 ಟೀ ಚಮಚ. ಇನ್ನೂ ಒಳ್ಳೆಯದೆಂದರೆ 25 ಗ್ರಾಂ, 5 ಟೀ ಚಮಚ. ಈ ಮಿತಿಯೊಳಗೆ ಜೇನು, ಪಾಕ, ಹಣ್ಣಿನ ರಸದ ಸಿಹಿ ಎಲ್ಲವೂ ಸೇರಿತು. ಇಡೀ ಹಣ್ಣಿನಲ್ಲಿ ಮತ್ತು ಹಾಲಿನಲ್ಲಿ ತಾನಾಗಿ ಇರುವ ಸಿಹಿಯನ್ನು ಇದರಲ್ಲಿ ಸೇರಿಸುವುದಿಲ್ಲ.

ಹೊರಗಿನ ಪಾನೀಯಗಳನ್ನೂ ನೋಡಿ. ಬಾಟಲಿಯ ತಂಪು ಪಾನೀಯಗಳಲ್ಲಿ ಸಾಮಾನ್ಯವಾಗಿ 100 ಮಿ.ಲೀ.ಗೆ 10-11 ಗ್ರಾಂ ಸಕ್ಕರೆ ಇರುತ್ತದೆ. 250 ಮಿ.ಲೀ. ಬಾಟಲಿಗೆ 25ರಿಂದ 27 ಗ್ರಾಂ, ಐದು ಚಮಚಕ್ಕೂ ಮೇಲೆ. ದಿನದ ಪಾಲು ಒಂದೇ ಬಾಟಲಿಯಲ್ಲಿ ಮುಗಿಯಿತು! ಅಷ್ಟೇ ಕಬ್ಬಿನ ಹಾಲಿನಲ್ಲಿ ಸುಮಾರು 140 ಕ್ಯಾಲೊರಿ. ಅದೇ ಒಂದು ಲೋಟ ನೀರು ಮಜ್ಜಿಗೆಯಲ್ಲಿ ಸುಮಾರು 30 ಕ್ಯಾಲೊರಿ ಮಾತ್ರ, ಸೇರಿಸಿದ ಸಕ್ಕರೆ ಒಂದು ಕಾಳೂ ಇಲ್ಲ.

ಪೊಟ್ಟಣದ ಹಿಂಬದಿ ಓದಲು ಕಲಿಯೋಣ. ಅಲ್ಲಿ 100 ಮಿ.ಲೀ.ಗೆ ಎಷ್ಟು ಸಕ್ಕರೆ ಎಂದು ಇರುತ್ತದೆ. ಬಾಟಲಿ ಎಷ್ಟು ಮಿ.ಲೀ. ಎಂದು ನೋಡಿ ಗುಣಿಸಿ, 100ರಿಂದ ಭಾಗಿಸಿ. ಬಂದ ಗ್ರಾಂ ಅನ್ನು 5ರಿಂದ ಭಾಗಿಸಿದರೆ ಚಮಚ ಸಿಗುತ್ತದೆ. ಬಡ್ಡಿ ಲೆಕ್ಕ ಬರುವವರಿಗೆ ಇದು ಯಾವ ಮಹಾ!

ಸಕ್ಕರೆ ಇಲ್ಲದ ಸಿಹಿ ಮಾತ್ರೆಗಳು ಅಂಗಡಿಗೆ ಬಂದಿವೆ. ಅವುಗಳಲ್ಲಿ ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ತೂಕ ಇಳಿಸಲು ಇವನ್ನು ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಆ ಸಲಹೆ ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಹಾಗಾದರೆ ಜೇನು ಬೇಡವೇ?

ಪೆಟ್ಟಿಗೆ ಇಟ್ಟು ತುಡುವೆ ಜೇನು ಸಾಕುವ ನಮ್ಮ ಸಹೋದರಿಯರು ಬೇಸರ ಮಾಡಿಕೊಳ್ಳಬೇಡಿ. ಜೇನು ಒಳ್ಳೆಯ ಪದಾರ್ಥ. ಅದರ ಪರಿಮಳ, ರುಚಿ ಸಕ್ಕರೆಗಿಲ್ಲ. ಒಂದು ವರ್ಷ ದಾಟಿದ ಮಕ್ಕಳಿಗೆ ಕೆಮ್ಮಿದ್ದಾಗ ಮಲಗುವ ಮೊದಲು ಅರ್ಧ ಚಮಚ ಜೇನು ಕೊಟ್ಟರೆ ಗಂಟಲಿಗೆ ಹಿತ. ಜೇನಿಗೆ ಬೆಲೆ ಇರಲಿ, ಆದರೆ ಸಕ್ಕರೆ ಕಾಯಿಲೆಗೆ ಮದ್ದು ಎಂಬ ಹೆಸರಿನಲ್ಲಿ ಅದನ್ನು ಮಾರುವುದೂ ಬೇಡ, ಕೊಳ್ಳುವುದೂ ಬೇಡ.

ಎರಡು ಮಾತು ಮಾತ್ರ ಎಲ್ಲರೂ ನೆನಪಿಡಬೇಕು.

ಮೊದಲನೆಯದು, ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವುದು, ಬಜೆ ತೇದು ಜೇನಲ್ಲಿ ಕೊಡುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಕೊಂಡು ಬಂದಿದೆ. ಆದರೆ ಜೇನಿನಲ್ಲಿ ಕೆಲವೊಮ್ಮೆ ಬಾಟುಲಿಸಂ ಎಂಬ ಕಾಯಿಲೆಯ ರೋಗಾಣು ಬೀಜರೂಪದಲ್ಲಿ ಇರುತ್ತದೆ. ದೊಡ್ಡವರ ಹೊಟ್ಟೆ ಅದನ್ನು ತಡೆಯುತ್ತದೆ, ಎಳೆ ಮಗುವಿನ ಕರುಳು ತಡೆಯುವುದಿಲ್ಲ. ಮನೆಯಲ್ಲಿ ಕುದಿಸಿದರೂ ಅದು ಸಾಯುವುದಿಲ್ಲ. ಮಗುವಿಗೆ ಮಲಬದ್ಧತೆ, ಅಳು ಕ್ಷೀಣವಾಗುವುದು, ಹಾಲು ಚೀಪಲು ಆಗದಿರುವುದು, ಕೈಕಾಲು ಸಡಿಲ ಬೀಳುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮೊದಲ ಆರು ತಿಂಗಳು ತಾಯಿ ಹಾಲೊಂದೇ ಸಾಕು. ಅತ್ತೆಯವರು, ಅಜ್ಜಿಯವರು ಬೇಸರಿಸಿದರೆ ಈ ಪಾಠವನ್ನು ಓದಿ ಹೇಳಿ.

ಎರಡನೆಯದು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕೆಲವೊಮ್ಮೆ ರಕ್ತದ ಸಕ್ಕರೆ ಏಕಾಏಕಿ ಕೆಳಗಿಳಿದು ಕೈ ನಡುಗುತ್ತದೆ, ಬೆವರುತ್ತದೆ, ಕಣ್ಣು ಕತ್ತಲಿಡುತ್ತದೆ. ಆಗ ಎಚ್ಚರ ಇದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಬೇಕು, ಅಥವಾ ಅಷ್ಟೇ ಜೇನು ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಜೇನು ರಕ್ತದ ಸಕ್ಕರೆ ಏರಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಸಭೆಯಲ್ಲಿ ಮಾಡಿ ನೋಡಿ

ಮುಂದಿನ ಸಭೆಗೆ ಒಬ್ಬರು ಮನೆಯಲ್ಲಿ ದಿನಾ ಬಳಸುವ ಚಮಚ ತನ್ನಿ, ಇನ್ನೊಬ್ಬರು ಕಾಲು ಕಿಲೋ ಸಕ್ಕರೆ ತನ್ನಿ. ಹತ್ತಿರದ ಅಂಗಡಿಯ ತಕ್ಕಡಿಯಲ್ಲಿ ಒಂದು ಚಮಚ ತೂಗಿದರೆ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ 20 ಚಮಚ ಎಣಿಸಿ ಹಾಕಿ, ಬಂದ ತೂಕವನ್ನು 20ರಿಂದ ಭಾಗಿಸಿ. ತಲೆತುಂಬಾ ತುಂಬಿದ ಚಮಚವಾದರೆ ಐದಕ್ಕಿಂತ ಹೆಚ್ಚೇ ಬರುತ್ತದೆ, ನೋಡಿ.

ಆಮೇಲೆ ಪ್ರತಿಯೊಬ್ಬರೂ ತಮ್ಮ ಮನೆಯ ಲೆಕ್ಕ ಹಾಕಿ. ನಾಲ್ಕು ಜನರ ಮನೆ, ತಲಾ ಮೂರು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ ದಿನಕ್ಕೆ 24 ಚಮಚ, 120 ಗ್ರಾಂ. ತಿಂಗಳಿಗೆ ಮೂರೂವರೆ ಕಿಲೋಗೂ ಹೆಚ್ಚು. ಲೋಟಕ್ಕೆ ಒಂದು ಚಮಚ ಮಾಡಿದರೆ ಅರ್ಧ ಉಳಿಯಿತು. ಉಳಿದ ಆ ದುಡ್ಡಿಗೆ ಎಷ್ಟು ರಾಗಿ, ಎಷ್ಟು ಕಡಲೆಕಾಯಿ ಬರುತ್ತದೆ ಎಂದು ನೀವೇ ಹೇಳಿ. 8 ಚಮಚ ಸಕ್ಕರೆಯ 160 ಕ್ಯಾಲೊರಿ 50 ಗ್ರಾಂ ರಾಗಿ ಹಿಟ್ಟಿನಲ್ಲೂ ಸಿಗುತ್ತದೆ. ಜೊತೆಗೆ ಸುಣ್ಣದಂಶ, ನಾರಿನಂಶ, ಸ್ವಲ್ಪ ಕಬ್ಬಿಣ ಉಚಿತ! ತೆಳ್ಳಗಿರುವ, ಕಷ್ಟದ ದುಡಿಮೆಯ ಸಹೋದರಿಯರು ಊಟ ಕಡಿಮೆ ಮಾಡಬೇಡಿ. ಸಿಹಿಯ ಜಾಗಕ್ಕೆ ಇಂಥ ಆಹಾರ ತನ್ನಿ.

ಒಮ್ಮೆಗೇ ಬಿಟ್ಟರೆ ನಾಲಿಗೆ ಕೇಳುವುದಿಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬನ್ನಿ. ತಿಂಗಳು ಕಳೆಯುವಷ್ಟರಲ್ಲಿ ಹಳೆಯ ಕಾಫಿಯೇ ತೀರಾ ಸಿಹಿ ಅನಿಸುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಒಬ್ಬೊಬ್ಬರೂ ದಿನಕ್ಕೆ ಎಷ್ಟು ಚಮಚ ಸಿಹಿ ಕುಡಿಯುತ್ತೇವೆ?

2. ನಮ್ಮ ಸಂಘದಲ್ಲಿ ಸಕ್ಕರೆ ಕಾಯಿಲೆ ಇರುವವರು ಯಾರು? ಅವರು ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆಯೇ?

3. ಸಭೆಗೆ ಬಂದವರಿಗೆ ಸಿಹಿ ಚಹಾದ ಬದಲು ಏನು ಕೊಡಬಹುದು?

ಚರ್ಚಿಸಿದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ನಮ್ಮ ಆ ಹಿರಿಯ ಸದಸ್ಯೆ ಈಗ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಾರೆ. ಕಾಲಿನ ಗಾಯ ಮಾಗಿದೆ. ಕಷಾಯಕ್ಕೆ ಜೀರಿಗೆ, ಕೊತ್ತಂಬರಿ, ಶುಂಠಿ ಮಾತ್ರ. "ಮೊದಲ ವಾರ ಕಷ್ಟ ಆಯ್ತು, ಈಗ ಇದೇ ರುಚಿ" ಅನ್ನುತ್ತಾರೆ. ಸಂಘದಲ್ಲಿ ಯಾರಾದರೂ ಜೇನು ಒಳ್ಳೆಯದಂತೆ ಎಂದರೆ ಮೊದಲು ಅವರೇ ಕೇಳುತ್ತಾರೆ: "ಎಷ್ಟು ಚಮಚ?" ಈ ಪ್ರಶ್ನೆಯನ್ನು ನಾವೆಲ್ಲರೂ ಕೇಳಲು ಕಲಿಯೋಣ.