ಒಂದೇ ಸುಳ್ಳಿಗೆ ಅವಕಾಶ: ಸೈ-ಫೈ ಎಪಿಸೋಡ್ ನೋಡುವ ಪಾಠ

ಹೊಸ ಸೈನ್ಸ್ ಫಿಕ್ಷನ್ ಸೀರೀಸ್ ಬಂದಾಗ ನಮ್ಮ ಹಾಸ್ಟೆಲ್‌ಗಳಲ್ಲಿ ಎರಡೇ ತೀರ್ಪು ಕೇಳಿಸುತ್ತೆ. ಒಂದು, ‘ಸಖತ್ತಾಗಿದೆ ಮಗಾ’. ಇನ್ನೊಂದು, ‘ಬರೀ ಲ್ಯಾಗು’. ಯಾಕೆ ಸಖತ್ತು, ಎಲ್ಲಿ ಲ್ಯಾಗು ಅಂತ ಕೇಳಿದರೆ ಮಾತು ನಿಂತುಹೋಗುತ್ತೆ. ಬೀಮ್ ಒಂದರ ಮೇಲೆ ಲೋಡ್ ಎಷ್ಟು, ಎಲ್ಲಿ ಬಿರುಕು ಬಿಡುತ್ತೆ ಅಂತ ಲೆಕ್ಕ ಹಾಕುವ ನಾವು ಕಥೆಯ ವಿಷಯದಲ್ಲಿ ಮಾತ್ರ ಲೆಕ್ಕ ಬಿಟ್ಟುಬಿಡೋದು ಯಾಕೆ?

ಈ ಪಾಠದಲ್ಲಿ ಮೂರು ಪ್ರಶ್ನೆ ಕೊಡುತ್ತೇವೆ. ಇತ್ತೀಚಿನ ನಾಲ್ಕು ಸೀರೀಸ್‌ಗಳ ಎಪಿಸೋಡ್‌ಗಳ ಮೇಲೆ ಅವನ್ನು ಪ್ರಯೋಗಿಸಿ ನೋಡೋಣ. ಆಮೇಲೆ ಸಂತೇಬೆನ್ನೂರಿನಲ್ಲಿ ನಡೆಯುವ ಒಂದು ಎಪಿಸೋಡನ್ನು ಕನ್ನಡದಲ್ಲೇ ಕಟ್ಟೋಣ. ಯಾವ ಕಥೆಯ ಕೊನೆಯನ್ನೂ ಇಲ್ಲಿ ಹೇಳೋದಿಲ್ಲ. ಆದರೆ ನಡುವಿನ ಕೆಲವು ಸಂಗತಿ ಹೇಳದೆ ಪಾಠ ಆಗೋದಿಲ್ಲ, ಅದಕ್ಕೆ ಮೊದಲೇ ಎಚ್ಚರಿಸಿದ್ದೇವೆ.

ಮೂರು ಪ್ರಶ್ನೆಗಳು

ಮೊದಲನೆಯದು: ಕಥೆಯಲ್ಲಿ ಸುಳ್ಳು ಎಷ್ಟು? ಸೈನ್ಸ್ ಫಿಕ್ಷನ್ ಅಂದಮೇಲೆ ಸುಳ್ಳು ಇರಲೇಬೇಕು. ಇನ್ನೂ ಇಲ್ಲದ ಒಂದು ಯಂತ್ರವೋ, ವಸ್ತುವೋ, ಜೀವಿಯೋ ಬೇಕು. ಡಾರ್ಕೊ ಸುವಿನ್ ಎಂಬ ವಿಮರ್ಶಕರು 1979ರ ತಮ್ಮ ಪುಸ್ತಕದಲ್ಲಿ ಇದನ್ನು ‘ನೋವಮ್’ ಅಂದರು, ಅಂದರೆ ಹೊಸದು. ಅವರಿಗಿಂತ ಬಹಳ ಮೊದಲೇ ಎಚ್. ಜಿ. ವೆಲ್ಸ್ ಒಂದು ಕಥೆಗೆ ಒಂದೇ ಅಸಾಧ್ಯ ಸಾಕು, ಉಳಿದದ್ದೆಲ್ಲ ನಮ್ಮ ಮನೆಯ ಹಾಗೆ ಇರಬೇಕು ಎಂಬ ಅರ್ಥದ ಮಾತು ಹೇಳಿದ್ದರು. ಗಣಿತದಲ್ಲಿ ‘x ಎಂದಿರಲಿ’ ಅಂತೀವಲ್ಲ, ಹಾಗೆ. ಒಮ್ಮೆ ಇರಲಿ ಅಂದಮೇಲೆ ಪ್ರತಿ ಹೆಜ್ಜೆಯೂ ಅದರಿಂದಲೇ ಬರಬೇಕು. ನಡುವೆ ಮತ್ತೊಂದು ‘ಇರಲಿ’ ತೂರಿಸಿದರೆ ಮಾರ್ಕ್ಸ್ ಕಟ್.

ಎರಡನೆಯದು: ಆ ಸುಳ್ಳಿನ ಬಿಲ್ ಯಾರು ಕಟ್ಟುತ್ತಾರೆ? ಹೊಸ ಯಂತ್ರ ಬಂದರೆ ಯಾರಿಗೋ ಲಾಭ, ಯಾರಿಗೋ ಕಷ್ಟ. ಕಷ್ಟ ಪಡುವವರ ಮನೆಯೊಳಕ್ಕೆ ಕ್ಯಾಮೆರಾ ಹೋಗುತ್ತಾ?

ಮೂರನೆಯದು ನಮ್ಮದೇ: ಈ ಕಥೆಯನ್ನು ಸಂತೇಬೆನ್ನೂರಿಗೆ ತಂದು ಇಟ್ಟರೆ ನಿಲ್ಲುತ್ತಾ? ಗೊತ್ತಿಲ್ಲದವರಿಗೆ: ದಾವಣಗೆರೆ ಜಿಲ್ಲೆ, ಚನ್ನಗಿರಿ ತಾಲ್ಲೂಕು, ಅಡಿಕೆ ತೋಟಗಳ ಸೀಮೆ. 16ನೇ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಊರೊಳಗೇ ಇದೆ, ನೀರಿನ ನಡುವೆ ವಸಂತ ಮಂಟಪ ನಿಂತಿದೆ. ಯಾವ ಊರಾದರೂ ಆಗುತ್ತೆ, ನೀವು ನಿಮ್ಮ ಊರನ್ನೇ ಹಾಕಿಕೊಳ್ಳಿ. ಲಂಡನ್ನಿನ ಕಥೆ ನಮ್ಮೂರಲ್ಲೂ ನಡೆಯಬಹುದು ಅನಿಸಿದರೆ ಅದು ಮನುಷ್ಯರ ಕಥೆ. ಅನಿಸದಿದ್ದರೆ ಅದರ ಬಲವೆಲ್ಲ ಸೆಟ್ಟಿನಲ್ಲಿದೆ ಅಂತ ಅರ್ಥ.

‘ಕಾಮನ್ ಪೀಪಲ್’: ಮೂರಕ್ಕೆ ಮೂರು

‘ಬ್ಲ್ಯಾಕ್ ಮಿರರ್’ 7ನೇ ಸೀಸನ್ 2025ರ ಏಪ್ರಿಲ್ 10ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅದರ ಮೊದಲ ಎಪಿಸೋಡ್ ‘ಕಾಮನ್ ಪೀಪಲ್’. ಅಮಾಂಡಾ ಶಾಲೆಯ ಟೀಚರ್, ಗಂಡ ಮೈಕ್ ವೆಲ್ಡಿಂಗ್ ಕೆಲಸದವನು. ಅವಳ ಮೆದುಳಿನಲ್ಲಿ ಗಡ್ಡೆ. ರಿವರ್‌ಮೈಂಡ್ ಎಂಬ ಕಂಪನಿ ಹಾಳಾದ ಭಾಗ ತೆಗೆದು ಕೃತಕ ಅಂಗಾಂಶ ಹಾಕುತ್ತೆ, ಆ ಭಾಗದ ಕೆಲಸ ಸರ್ವರ್‌ನಿಂದ ಸ್ಟ್ರೀಮ್ ಆಗಿ ಬರುತ್ತೆ. ಆಪರೇಷನ್ ಫ್ರೀ. ತಿಂಗಳಿಗೆ 300 ಡಾಲರ್ ಚಂದಾ.

ಸುಳ್ಳು ಇಷ್ಟೇ. ಮುಂದಿನದೆಲ್ಲ ನಮ್ಮ ಫೋನಿನಲ್ಲಿ ದಿನಾ ನಡೆಯೋದೇ. ನೆಟ್‌ವರ್ಕ್ ಏರಿಯಾ ದಾಟಿದರೆ ಅವಳು ಪ್ರಜ್ಞೆ ತಪ್ಪುತ್ತಾಳೆ. ಕಂಪನಿ ‘ಪ್ಲಸ್’ ಪ್ಲಾನ್ ತರುತ್ತೆ, ಹಳೆಯ ಪ್ಲಾನಿನವರು ತಂತಾನೇ ಕೆಳದರ್ಜೆಗೆ ಇಳಿಯುತ್ತಾರೆ. ಪಾಠದ ನಡುವೆ ಅವಳ ಬಾಯಿಂದ ಅವಳಿಗೇ ಗೊತ್ತಿಲ್ಲದೆ ಜಾಹೀರಾತು ಬರುತ್ತೆ. ಎಷ್ಟು ಹೊತ್ತು ಮಲಗಿದರೂ ಸುಸ್ತು, ಯಾಕಂದರೆ ಅವಳು ನಿದ್ದೆಯಲ್ಲಿದ್ದಾಗ ಕಂಪನಿ ಅವಳ ಮೆದುಳನ್ನೇ ಸರ್ವರ್ ಮಾಡಿಕೊಂಡಿದೆ. ಎರಡನೇ ‘ಇರಲಿ’ ಎಲ್ಲೂ ಇಲ್ಲ. ಬಿಲ್ ಕಟ್ಟೋದು ಮೈಕ್. ಮೊದಲು ಓವರ್‌ಟೈಮ್ ಮಾಡಿ, ಆಮೇಲೆ ಮಾನ ಮಾರಿ.

ಸಂತೇಬೆನ್ನೂರಿಗೆ ತನ್ನಿ. ಬಸ್ಸು ಹೊಳಲ್ಕೆರೆ ಕಡೆ ತಿರುಗಿದ ಕೂಡಲೇ ಅಕ್ಕ ಸೀಟಿಗೆ ಒರಗುತ್ತಾಳೆ. ‘ಏನಾತು?’ ‘ಏನಿಲ್ಲ ಬಿಡ್ರಿ, ಟವರ್ ಇಲ್ಲ ಇಲ್ಲಿ.’ ಒಂದು ಸಾಲೂ ಬದಲಿಸಬೇಕಾಗಿಲ್ಲ. ಮುಖ್ಯವಾದ ಮಾತು ಇನ್ನೊಂದಿದೆ. ಆ ಚಂದಾ ಪದ್ಧತಿಯ ಕೋಡನ್ನು ಯಾರೋ ಬರೆದಿರಬೇಕಲ್ಲ? ‘ಹಳೆ ಪ್ಲಾನಿನವರಿಗೆ ಆಡ್ಸ್ ಆನ್’ ಎಂಬ ಆ ಒಂದು ಸಾಲು. ಕ್ಯಾಂಪಸ್ ಸೆಲೆಕ್ಷನ್ ಆಗಿ ಹೋದ ನಮ್ಮಂಥವರೇ ಅದನ್ನು ಬರೆಯೋದು. ಆ ಮನುಷ್ಯ ಎಪಿಸೋಡಿನಲ್ಲಿ ಎಲ್ಲೂ ಕಾಣಿಸಿಕೊಳ್ಳೋದಿಲ್ಲ. ನಮ್ಮನ್ನು ಹೆಚ್ಚು ಕಾಡಿದ್ದು ಅವನೇ.

‘ಜಡ್ಜ್‌ಮೆಂಟ್ ಡೇ’: 8 ಗ್ರಾಂ ಲೆಕ್ಕ

‘3 ಬಾಡಿ ಪ್ರಾಬ್ಲಮ್’ 2024ರ ಮಾರ್ಚ್‌ನಲ್ಲಿ ಬಂತು, ಲಿಯು ತ್ಸಿಶಿನ್ ಅವರ ಚೀನೀ ಕಾದಂಬರಿ ಆಧರಿಸಿದ್ದು. 5ನೇ ಎಪಿಸೋಡಿನಲ್ಲಿ ಪನಾಮಾ ಕಾಲುವೆಗೆ ಅಡ್ಡಲಾಗಿ ಕಣ್ಣಿಗೆ ಕಾಣದ ನ್ಯಾನೋ ಎಳೆಗಳನ್ನು ಬಿಗಿದಿರುತ್ತಾರೆ. ಬಂದ ಹಡಗು ಬ್ರೆಡ್ಡಿನ ಹಾಗೆ ಸೀಳಿಹೋಗುತ್ತೆ. ಮೆಕ್ಯಾನಿಕಲ್‌ನವರು ಪೆನ್ ತಗೊಳ್ಳಿ.

ಎಳೆಯ ವ್ಯಾಸ 1 ಮೈಕ್ರಾನ್ ಅಂತ ನಾವೇ ಇಟ್ಟುಕೊಳ್ಳೋಣ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 0.785 ಚದರ ಮೈಕ್ರಾನ್. ಇಂಗಾಲದ ನ್ಯಾನೋಟ್ಯೂಬಿನ ಎಳೆತದ ಬಲ ಸಿದ್ಧಾಂತದ ಪ್ರಕಾರ ಸುಮಾರು 100 ಗಿಗಾಪಾಸ್ಕಲ್, ಕಟ್ಟಡಕ್ಕೆ ಹಾಕುವ ಮಾಮೂಲಿ ಉಕ್ಕಿನ 200 ಪಟ್ಟಿಗಿಂತ ಹೆಚ್ಚು. ಎರಡನ್ನೂ ಗುಣಿಸಿ: 0.0785 ನ್ಯೂಟನ್. ಅಂದರೆ 8 ಗ್ರಾಂ ತೂಕ. ಹೆಚ್ಚುಕಡಿಮೆ ಒಂದು ಗೋಟು ಅಡಿಕೆ ನೇತುಹಾಕಿದರೆ ಎಳೆ ತುಂಡಾಗುತ್ತೆ. ಹಡಗು ಸೀಳೋ ಮಾತು ಬಿಡಿ.

ಹಾಗಾದರೆ ಎಪಿಸೋಡ್ ಫೇಲಾ? ನಮ್ಮ ಪ್ರಕಾರ ಅಲ್ಲ. ಯಾವ ವಸ್ತುವಿಗೂ ಇಲ್ಲದ ಬಲ ಈ ಎಳೆಗಿದೆ ಅನ್ನೋದೇ ಅದರ ಒಂದು ಸುಳ್ಳು. ಅದನ್ನು ಒಪ್ಪಿದರೆ ಹಡಗಿನ ದೃಶ್ಯ ಪ್ರಾಮಾಣಿಕವಾಗಿದೆ. ಎರಡನೇ ಪ್ರಶ್ನೆಗೂ ಉತ್ತರ ಕೊಡುತ್ತೆ: ಎಳೆಯನ್ನು ಕಂಡುಹಿಡಿದ ಆಗೀ ಅದೇ ಹಡಗಿನ ಅವಶೇಷದ ನಡುವೆ ನಡೆಯಬೇಕಾಗುತ್ತೆ. ಆ ಹಡಗಿನಲ್ಲಿ ಮಕ್ಕಳೂ ಇದ್ದರು. ಲ್ಯಾಬಿನಲ್ಲಿ ಮಾಡಿದ್ದು ಹೊರಗೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಖಾರವಾದ ಪಾಠ ಬೇಡ.

ನಮ್ಮ ತಕರಾರು ಸೀರೀಸಿನ ಇನ್ನೊಂದು ಸಂಗತಿ ಬಗ್ಗೆ. ಒಂದು ಪ್ರೋಟಾನನ್ನೇ ಕಂಪ್ಯೂಟರ್ ಮಾಡಿ ಭೂಮಿಗೆ ಕಳಿಸಿದ ‘ಸೋಫಾನ್’ ಇದೆ. ಅದು ಎಲ್ಲವನ್ನೂ ನೋಡುತ್ತೆ, ಕೇಳುತ್ತೆ, ಪ್ರಯೋಗ ಕೆಡಿಸುತ್ತೆ, ಕಣ್ಣೆದುರು ಅಂಕಿ ಬರೆಯುತ್ತೆ. ಕಥೆಗಾರನಿಗೆ ಕಷ್ಟ ಬಂದಾಗಲೆಲ್ಲ ಸೋಫಾನ್ ಬಂದು ಬಿಡಿಸಿದರೆ ಹಳೇ ಪಿಕ್ಚರಿನ ಕೊನೆಗೆ ಬರುವ ಪೊಲೀಸಿಗೂ ಅದಕ್ಕೂ ಏನು ವ್ಯತ್ಯಾಸ? ಮೂರನೇ ಪ್ರಶ್ನೆಗೂ ಅರ್ಧ ಮಾರ್ಕು. ಭದ್ರಾ ನಾಲೆಯಲ್ಲಿ ಹಡಗು ಬರೋದಿಲ್ಲ.

‘ಸೆವೆರೆನ್ಸ್’: ಅದೇ ಸುಳ್ಳು, ಇನ್ನೂ ಆಳಕ್ಕೆ

‘ಸೆವೆರೆನ್ಸ್’ ಎರಡನೇ ಸೀಸನ್ 2025ರ ಜನವರಿಯಿಂದ ಮಾರ್ಚ್‌ವರೆಗೆ ಆಪಲ್ ಟಿವಿಯಲ್ಲಿ ಬಂತು. ತಲೆಯೊಳಗೆ ಒಂದು ಚಿಪ್ ಹಾಕಿದರೆ ಆಫೀಸಿನ ನೆನಪು ಆಫೀಸಿನಲ್ಲಿ, ಮನೆಯ ನೆನಪು ಮನೆಯಲ್ಲಿ. ಲಿಫ್ಟ್ ಇಳಿದ ಕೂಡಲೇ ನೀವು ಬೇರೆ ಮನುಷ್ಯ.

7ನೇ ಎಪಿಸೋಡ್ ‘ಚಿಖಾಯ್ ಬಾರ್ಡೋ’ ಈ ಸೀಸನ್ನಿನ ತಲೆಮಣಿ ಅನ್ನೋದರಲ್ಲಿ ನಮಗ್ಯಾರಿಗೂ ಅನುಮಾನವಿಲ್ಲ. ನಿರ್ದೇಶಿಸಿದವರು ಅದೇ ಸೀರೀಸಿನ ಛಾಯಾಗ್ರಾಹಕಿ ಜೆಸ್ಸಿಕಾ ಲೀ ಗ್ಯಾನ್ಯೆ. ಇಲ್ಲಿ ಹೊಸ ಸುಳ್ಳು ಒಂದೂ ಇಲ್ಲ. ‘ಒಬ್ಬರನ್ನು ಎರಡು ಮಾಡಬಹುದಾದರೆ ಹತ್ತು ಯಾಕೆ ಮಾಡಬಾರದು?’ ಎಂಬ ಪ್ರಶ್ನೆಯಷ್ಟೇ. ಜೆಮ್ಮಾ ಒಂದೊಂದು ಕೋಣೆಗೆ ಹೋದಾಗಲೂ ಬೇರೆ ಬೇರೆ ಜೆಮ್ಮಾ. ಹಲ್ಲಿನ ಡಾಕ್ಟರ ಕೋಣೆಯಲ್ಲಿ ಹುಟ್ಟಿದವಳಿಗೆ ಜೀವಮಾನವೆಲ್ಲ ಹಲ್ಲುನೋವು. ಕಥೆ ಬೆಳೆಸೋದು ಅಂದರೆ ಇದು.

8ನೇ ಎಪಿಸೋಡ್ ‘ಸ್ವೀಟ್ ವಿಟ್ರಿಯಲ್’ ಬಗ್ಗೆ ಮಾತ್ರ ನಮ್ಮೊಳಗೆ ಜಗಳ. ಇಡೀ ಎಪಿಸೋಡ್ ಕೋಬೆಲ್ ಒಬ್ಬಳದೇ. ‘ಲ್ಯಾಗು’ ಅಂದವರು ಅರ್ಧ. ಉಳಿದರ್ಧ ಹೇಳೋದು: ಕಂಪನಿಯೊಂದು ಬಂದು ಹೋದಮೇಲೆ ಉಳಿದ ಊರು ಹೇಗಿರುತ್ತೆ ಅಂತ ತೋರಿಸಿದ್ದು ಅದೊಂದೇ ಎಪಿಸೋಡ್. ಎರಡನೇ ಪ್ರಶ್ನೆ ಕೇಳಿದರೆ ಈ ಅರ್ಧದ ವಾದವೇ ಗಟ್ಟಿ.

ಸಂತೇಬೆನ್ನೂರಿನಲ್ಲಿ? ತೋಟವೂ ಮನೆಯೂ ಒಂದೇ ಆದ ಕಡೆ ಈ ಚಿಪ್ ಯಾರೂ ಹಾಕಿಸಿಕೊಳ್ಳಲಿಕ್ಕಿಲ್ಲ. ಆದರೆ ಅಲ್ಲಿಂದ ಬೆಂಗಳೂರಿನ ಕಂಪನಿಗೆ ಹೋದ ಹುಡುಗಿಯನ್ನು ನೆನೆಸಿಕೊಳ್ಳಿ. ವಾರದಲ್ಲಿ ಐದು ದಿನ ಬೇರೆ ಭಾಷೆ, ಬೇರೆ ನಗು. ಭಾನುವಾರ ಅವ್ವನ ಫೋನಿಗೆ ‘ಊಟ ಆತಾ?’ ಅನ್ನುವವಳು ಇನ್ನೊಬ್ಬಳು. ಚಿಪ್ ಇಲ್ಲದೆಯೇ ಕಥೆ ನಿಂತಿದೆ.

‘ಪ್ಲುರಿಬಸ್’: 7.5 ಕೆಬಿ

ವಿನ್ಸ್ ಗಿಲಿಗನ್ ಅವರ ‘ಪ್ಲುರಿಬಸ್’ 2025ರ ನವೆಂಬರ್ 7ರಂದು ಶುರುವಾಯಿತು. ದೂರದ ನಕ್ಷತ್ರದ ಕಡೆಯಿಂದ ರೇಡಿಯೋ ಸಂಕೇತ ಬರುತ್ತೆ. ಅದನ್ನು ಬಿಡಿಸಿದರೆ ಒಂದು ಆರ್‌ಎನ್‌ಎ ಸರಣಿ. ಅದನ್ನು ಲ್ಯಾಬಿನಲ್ಲಿ ಕಟ್ಟಿದ್ದೇ ತಡ, ಕೆಲವೇ ಮಂದಿಯನ್ನು ಬಿಟ್ಟು ಇಡೀ ಮನುಷ್ಯಕುಲ ಒಂದೇ ಮನಸ್ಸಾಗುತ್ತೆ.

ಇಲೆಕ್ಟ್ರಾನಿಕ್ಸ್‌ನವರಿಗೆ ಈ ಲೆಕ್ಕ. ಆರ್‌ಎನ್‌ಎಯಲ್ಲಿ ಅಕ್ಷರ 4, ಅಂದರೆ ಅಕ್ಷರಕ್ಕೆ 2 ಬಿಟ್. ಕೊರೊನಾ ವೈರಸ್ಸಿನ ಸರಣಿ ಸುಮಾರು 30,000 ಅಕ್ಷರ. ಅಂಥದ್ದೊಂದಕ್ಕೆ 60,000 ಬಿಟ್, ಸುಮಾರು 7.5 ಕೆಬಿ. ನಿಮ್ಮ ‘ಗುಡ್ ಮಾರ್ನಿಂಗ್’ ಫೋಟೋಕ್ಕಿಂತ ಚಿಕ್ಕದು. ನಕ್ಷತ್ರ ದಾಟಿ ಹಡಗು ಕಳಿಸೋದಕ್ಕಿಂತ 7.5 ಕೆಬಿ ಕಳಿಸೋದು ಎಷ್ಟೋ ಸುಲಭ ಎಂಬ ಯೋಚನೆಯಲ್ಲೇ ಈ ಸೀರೀಸಿನ ಜಾಣತನ ಇದೆ. ಮನಸ್ಸುಗಳು ಹೇಗೆ ಒಂದಾಗುತ್ತವೆ ಅನ್ನೋದು ಅದರ ಸುಳ್ಳು. ಒಂದೇ, ಆದರೆ ಬಲು ದೊಡ್ಡದು.

ಮೂರನೇ ಪ್ರಶ್ನೆಗೆ ಇದು ಚೆನ್ನಾಗೇ ನಿಲ್ಲುತ್ತೆ. ನಿಮ್ಮ ಸೆಮಿಸ್ಟರ್ ಬ್ಯಾಕ್ ಆದ ಸುದ್ದಿ ನೀವು ಬಸ್ ಇಳಿಯುವ ಮೊದಲೇ ಊರಿಗೆಲ್ಲ ಗೊತ್ತಿರುತ್ತೆ. ಎಲ್ಲರೂ ಪ್ರೀತಿಯಿಂದಲೇ ವಿಚಾರಿಸುತ್ತಾರೆ, ಒಬ್ಬರೂ ನಿಮ್ಮನ್ನು ನಿಮ್ಮ ಪಾಡಿಗೆ ಬಿಡೋದಿಲ್ಲ. ಕ್ಯಾರೊಲ್‌ಳ ಕಷ್ಟ ನಮಗೆ ಬೇಗ ಅರ್ಥವಾಗುತ್ತೆ.

ಕನ್ನಡದಲ್ಲಿ?

ದೂರದರ್ಶನದಲ್ಲಿ 1989ರಲ್ಲಿ ‘ಇಂದ್ರಧನುಷ್’, 1998ರಲ್ಲಿ ‘ಕ್ಯಾಪ್ಟನ್ ವ್ಯೋಮ್’ ಬಂದವು, ಎರಡೂ ಹಿಂದಿ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆಗಳನ್ನು ಬರೆದರು. ಸಿನಿಮಾದಲ್ಲಿ 2002ರ ‘ಹಾಲಿವುಡ್’ನಲ್ಲಿ ರೋಬೋ ಬಂತು, 2024ರ ‘ಬ್ಲಿಂಕ್’ನಲ್ಲಿ ಕಾಲಯಾನ ಬಂತು. ಆದರೆ ವಾರವಾರ ಕಾದು ನೋಡಿ ಮರುದಿನ ಕ್ಯಾಂಟೀನಿನಲ್ಲಿ ಜಗಳ ಆಡುವಂಥ ಸೈ-ಫೈ ಧಾರಾವಾಹಿ ನಮ್ಮ ಭಾಷೆಯಲ್ಲಿ ನಮಗೆ ಸಿಕ್ಕಿಲ್ಲ.

‘ಬಜೆಟ್ ಇಲ್ಲ’ ಅನ್ನೋದು ಎಲ್ಲರೂ ಕೊಡುವ ಉತ್ತರ. ‘ಕಾಮನ್ ಪೀಪಲ್’ ಮತ್ತೊಮ್ಮೆ ನೋಡಿ. ಒಂದು ಮನೆ, ಒಂದು ಶಾಲೆ, ಒಂದು ಕ್ಲಿನಿಕ್, ಒಂದು ವರ್ಕ್‌ಶಾಪ್. ಆಕಾಶನೌಕೆ ಎಲ್ಲಿದೆ? ಶಂಕರ್‌ನಾಗ್ 1980ರ ದಶಕದಲ್ಲಿ ಆಗುಂಬೆಯ ಬೀದಿಯನ್ನೇ ಮಾಲ್ಗುಡಿ ಮಾಡಿ ಇಡೀ ದೇಶಕ್ಕೆ ತೋರಿಸಿದರು. ಊರು ಸಾಕಾಗಿತ್ತು.

ನಮ್ಮ ಎಪಿಸೋಡ್: ‘ಮಟ್ಟ’

ಸುಳ್ಳು ಒಂದೇ: ಯಾವ ಸರ್ವೆ ನಂಬರ್ ಒತ್ತಿದರೂ ಅದರ ಕೆಳಗೆ ಎಷ್ಟು ಅಡಿಯಲ್ಲಿ ಎಷ್ಟು ನೀರಿದೆ ಅಂತ ತಪ್ಪಿಲ್ಲದೆ ತೋರಿಸುವ ಒಂದು ಆ್ಯಪ್.

ಇವತ್ತಿನ ನಿಜ ಏನು? ಭೂಮಿಗೆ ಕಂಬಿ ನೆಟ್ಟು ಕರೆಂಟ್ ಹರಿಸಿ ನಿರೋಧ ಅಳೆದು ಅಂದಾಜು ಮಾಡುತ್ತಾರೆ. ತೆಂಗಿನಕಾಯಿ ಹಿಡಿದು ನಡೆಯುವವರನ್ನೂ ಕರೆಸುತ್ತಾರೆ. ಗಟ್ಟಿ ಕಲ್ಲಿನ ಸೀಮೆಯಲ್ಲಿ ನೀರು ಇರೋದು ಬಿರುಕುಗಳಲ್ಲಿ. ಅದಕ್ಕೇ ಒಂದು ಬೋರು ತುಂಬಿ ಹರಿದರೆ 50 ಅಡಿ ಆಚೆಯದು ಬರೀ ಧೂಳು. ಈ ಅನಿಶ್ಚಯ ಹೋದರೆ?

ಈಗ ಹೆಜ್ಜೆ ಹಾಕಿ. ಬೋರು ಫೇಲಾಗೋದು ನಿಲ್ಲುತ್ತೆ, ಸಾಲ ಕಡಿಮೆಯಾಗುತ್ತೆ, ಎಲ್ಲರಿಗೂ ಖುಷಿ. ಆಮೇಲೆ ಜಮೀನಿನ ಬೆಲೆ ಪಹಣಿ ನೋಡಿ ಅಲ್ಲ, ಆ್ಯಪ್ ನೋಡಿ ನಿಲ್ಲುತ್ತೆ. ಖೇಣಿ ಮಾತಾಡಲು ಬಂದವನು ಮರ ನೋಡೋದಿಲ್ಲ, ಫೋನ್ ನೋಡುತ್ತಾನೆ. ಬ್ಯಾಂಕಿನವರು ನೀರಿಲ್ಲದ ನಂಬರಿಗೆ ಸಾಲ ಕೊಡೋದಿಲ್ಲ. ಹತ್ತು ವರ್ಷದ ಹಿಂದೆ ಪಾಲಾದ ಅಣ್ಣತಮ್ಮಂದಿರಲ್ಲಿ ಅಣ್ಣನ ಪಾಲಿನ ಕೆಳಗೇ ನೀರೆಲ್ಲ ಇದೆ ಅಂತ ಗೊತ್ತಾಗುತ್ತೆ. ‘ನಿಂಗೆ ಮೊದ್ಲೇ ಗೊತ್ತಿತ್ತಲ್ಲಣ್ಣಾ?’ ಅಂತ ತಮ್ಮ ಕೇಳುತ್ತಾನೆ. ಅಣ್ಣನಿಗೆ ಗೊತ್ತಿರಲಿಲ್ಲ. ಆದರೆ ಈಗ ಅದನ್ನು ನಂಬುವವರು ಯಾರು? ಇನ್ನೂ ಎರಡು ವರ್ಷಕ್ಕೆ ಬಿರುಕಿನಲ್ಲಿ ಉಳಿದ ನೀರು ಎಲ್ಲರಿಗೂ ಕಾಣುತ್ತಾ ಇಳಿಯುತ್ತೆ. ತನಗಿಂತ ಮೊದಲು ಪಕ್ಕದವನು ಎಳೆದುಕೊಳ್ಳುತ್ತಾನೆ ಅಂತ ಎಲ್ಲರೂ ರಾತ್ರಿಯೆಲ್ಲ ಮೋಟರ್ ಓಡಿಸುತ್ತಾರೆ.

ಕ್ಯಾಮೆರಾ ಪುಷ್ಕರಣಿಗೆ ಹೋಗಲಿ. ಅಲ್ಲಿ ನೀರು ಎಷ್ಟಿದೆ ಅಂತ ತಿಳಿಯಲು ಮೆಟ್ಟಿಲು ಎಣಿಸಿದರೆ ಸಾಕು. ಎಲ್ಲರಿಗೂ ಕಾಣುವ ನೀರು ಒಬ್ಬರ ಹೆಸರಿನಲ್ಲಿ ಇರಲಿಲ್ಲ, ಅಲ್ಲಿ ಕಣ್ಣಿಗೆ ಬಿದ್ದದ್ದು ಜಗಳವಾಗಲಿಲ್ಲ. ಆ್ಯಪ್ ತೋರಿಸಿದ ನೀರಿಗೆ ಒಬ್ಬೊಬ್ಬ ಮಾಲೀಕ. ಹಾಗಾದರೆ ತಪ್ಪು ತೋರಿಸಿದ ಯಂತ್ರದ್ದಾ? ತೋರಿಸಿದಮೇಲೆ ಹಂಚಿಕೊಳ್ಳುವ ಪದ್ಧತಿ ಕಟ್ಟದವರದ್ದಾ? ಈ ಪ್ರಶ್ನೆಗೆ ಎಪಿಸೋಡ್ ಉತ್ತರ ಕೊಡಬೇಕಿಲ್ಲ. ತಮ್ಮ ಅಣ್ಣನ ಮೋಟರ್ ಮನೆಯ ಬಾಗಿಲಲ್ಲಿ ನಿಂತಿರುವಲ್ಲಿಗೆ ಬಿಟ್ಟರೂ ಸಾಕು.

ಅಭ್ಯಾಸ

1. ನಿಮಗೆ ಇಷ್ಟವಾದ ಒಂದು ಎಪಿಸೋಡ್ ತಗೊಂಡು ಅದರ ಸುಳ್ಳನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಎರಡು ವಾಕ್ಯ ಬೇಕಾದರೆ ಎಲ್ಲಿ ಮೋಸ ಆಗಿದೆ ಅಂತ ಗುರುತಿಸಿ.
2. ಅದರಲ್ಲಿ ಲೆಕ್ಕಕ್ಕೆ ಸಿಗುವ ಒಂದು ಅಂಕಿ ಹುಡುಕಿ ಲೆಕ್ಕ ಹಾಕಿ. ಬಲವೋ, ಬಿಟ್ಟೋ, ವಿದ್ಯುತ್ತೋ, ಯಾವುದಾದರೂ ಸರಿ.
3. ನಿಮ್ಮೂರಿನಲ್ಲಿ ನಡೆಯುವ ಒಂದು ಎಪಿಸೋಡನ್ನು ಎರಡು ಪುಟದಲ್ಲಿ ಬರೆಯಿರಿ. ಯಂತ್ರ ಮಾಡಿದ ಎಂಜಿನಿಯರ್ ಕಥೆಯೊಳಗೆ ಒಮ್ಮೆಯಾದರೂ ಬರಬೇಕು, ಅವನಿಗೂ ಒಂದು ಮಾತು ಇರಬೇಕು.

ಬರೆದದ್ದನ್ನು ಕನ್ನಡ ಸಂಘದ ಕೋಣೆಗೆ ತಂದುಕೊಡಿ. ಎಲ್ಲವನ್ನೂ ಓದುತ್ತೇವೆ, ಇದೇ ಮೂರು ಪ್ರಶ್ನೆ ಕೇಳುತ್ತೇವೆ. ನಮ್ಮ ‘ಮಟ್ಟ’ದ ಮೇಲೂ ನೀವು ಅವನ್ನೇ ಹಾಕಿ. ಎರಡನೇ ಸುಳ್ಳು ಎಲ್ಲಾದರೂ ನುಸುಳಿದ್ದರೆ ತೋರಿಸಿ, ಮುಂದಿನ ಸಂಚಿಕೆಯಲ್ಲಿ ತಿದ್ದಿ ಹಾಕೋಣ.